ಆಫ್ರಿಕಾ ಸಫಾರಿಗೆ ಯಾವ ಕಾಡು? ಸಾಬಿ ಸ್ಯಾಂಡ್, ಟಿಂಬವಾಟಿ, ಮಡಿಕ್ವೆ, ಮಾರಾ

ಕಳೆದ ತಿಂಗಳು ಭಾವ ಫೋನ್ ಮಾಡಿದ್ದರು. "ಆಫ್ರಿಕಾ ಸಫಾರಿ ಅಂತ ಹುಡುಕಿದ್ರೆ ನೂರು ಹೆಸರು ಬರ್ತಾವೆ. ಎಲ್ಲರೂ ಬಿಗ್ ಫೈವ್ ತೋರಿಸ್ತೀವಿ ಅಂತಾರೆ. ಒಂದು ಲಾಡ್ಜಲ್ಲಿ ರಾತ್ರಿಗೆ ಮೂವತ್ತು ಸಾವಿರ, ಅದೇ ಕಾಡಿನ ಇನ್ನೊಂದು ಲಾಡ್ಜಲ್ಲಿ ಎರಡು ಲಕ್ಷ. ಏನಿದು ಲೆಕ್ಕ?" ಬಿಗ್ ಫೈವ್ ಅಂದರೆ ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಖಡ್ಗಮೃಗ. ಭಾವನದು ನಾಲ್ಕು ಜನರ ಸಂಸಾರ. ದೊಡ್ಡವಳಿಗೆ 10, ಚಿಕ್ಕವನಿಗೆ 5 ವರ್ಷ. ಅದಕ್ಕೂ ಮುಂಚೆ ಹೊಸದಾಗಿ ಮದುವೆಯಾದ ಸಹೋದ್ಯೋಗಿಯೊಬ್ಬರು ಇದನ್ನೇ ಕೇಳಿದ್ದರು. ನಮ್ಮಮ್ಮನನ್ನು ಕರೆದುಕೊಂಡು ಹೋಗುವಾಗ ನಾನೂ ಇದೇ ಗೊಂದಲದಲ್ಲಿ ಎರಡು ತಿಂಗಳು ಒದ್ದಾಡಿದ್ದೆ. ಅಮ್ಮನಿಗೆ ಆಗ 66, ಮಂಡಿ ನೋವು ಬೇರೆ.

ಮೂರು ಮನೆಗೂ ಉತ್ತರ ಬೇರೆ ಬೇರೆ. ಅದಕ್ಕೇ ಕಾಡಿನ ಹೆಸರುಗಳಿಗಿಂತ ಮೊದಲು ಅಳತೆಗೋಲು ಇಟ್ಟುಕೊಳ್ಳೋಣ.

ಖಾಸಗಿ ಕಾಡು ಅಂದರೆ ಏನು

ಕಬಿನಿ, ಬಂಡೀಪುರ ನೋಡಿದವರಿಗೆ ಈ ಮಾತೇ ವಿಚಿತ್ರವಾಗಿ ಕೇಳುತ್ತದೆ. ನಮ್ಮಲ್ಲಿ ಕಾಡು ಅರಣ್ಯ ಇಲಾಖೆಯದು. ಜೀಪು ದಾರಿ ಬಿಟ್ಟು ಇಳಿಯುವ ಹಾಗಿಲ್ಲ. ಕತ್ತಲಾಗುವಷ್ಟರಲ್ಲಿ ಗೇಟಿನ ಹೊರಗಿರಬೇಕು. ದಕ್ಷಿಣ ಆಫ್ರಿಕಾದಲ್ಲಿ ಹಾಗಲ್ಲ. ಅಲ್ಲಿ ಒಂದು ಕುಟುಂಬ, ಒಂದು ಕಂಪನಿ ಅಥವಾ ಒಂದು ಊರಿನ ಜನ ಸಾವಿರಾರು ಹೆಕ್ಟೇರ್ ಕಾಡಿನ ಒಡೆಯರಾಗಿರಬಹುದು. ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಶ್ಚಿಮ ಅಂಚಿನಲ್ಲಿ ಇಂಥ ಜಮೀನುಗಳ ದೊಡ್ಡ ಸಾಲೇ ಇದೆ. ಎಷ್ಟೋ ಕಡೆ ಹಿಂದೆ ದನ ಸಾಕುತ್ತಿದ್ದರು, ಬೇಟೆಯಾಡುತ್ತಿದ್ದರು. 1993ರಲ್ಲಿ ಕ್ರೂಗರ್ ಮತ್ತು ಈ ಖಾಸಗಿ ಕಾಡುಗಳ ನಡುವಿನ ಬೇಲಿ ಕಿತ್ತರು. ಈಗ ಆನೆ, ಸಿಂಹಗಳಿಗೆ ಗಡಿಯೇ ಇಲ್ಲ. ಕ್ರೂಗರ್ ಒಂದೇ ಸುಮಾರು 19,500 ಚದರ ಕಿಲೋಮೀಟರ್. ಮೂರು ಮೈಸೂರು ಜಿಲ್ಲೆ ಹಿಡಿಸುವಷ್ಟು.

ಅಂದರೆ ಕ್ರೂಗರ್‌ನಲ್ಲಿ ಇರುವ ಪ್ರಾಣಿಗಳೇ ಪಕ್ಕದ ಖಾಸಗಿ ಕಾಡಿನಲ್ಲೂ ಓಡಾಡುತ್ತವೆ. ಹಾಗಾದರೆ ಖಾಸಗಿ ಕಾಡಿಗೆ ಹತ್ತು ಪಟ್ಟು ದುಡ್ಡು ಯಾಕೆ? ಚಿರತೆ ಕಂಡಾಗ ದಾರಿ ಬಿಟ್ಟು ಪೊದೆಯೊಳಗೆ ಹಿಂಬಾಲಿಸಬಹುದು. ಕತ್ತಲಾದ ಮೇಲೂ ದೀಪ ಹಿಡಿದು ಸುತ್ತಬಹುದು. ಕಾಲ್ನಡಿಗೆಯಲ್ಲೂ ಹೋಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಪ್ರಾಣಿಯ ಸುತ್ತ ಸಾಮಾನ್ಯವಾಗಿ ಎರಡು ಮೂರು ಗಾಡಿಗಿಂತ ಹೆಚ್ಚು ನಿಲ್ಲಿಸುವುದಿಲ್ಲ. ನೀವು ದುಡ್ಡು ಕೊಡುವುದು ಇದಕ್ಕೆ. ಉಳಿದದ್ದು ಹಾಸಿಗೆ, ಈಜುಕೊಳ, ವೈನ್ ಪಟ್ಟಿ.

ಅಳೆಯುವುದು ಹೇಗೆ

ನಾನು ನೋಡುವ ಮೊದಲ ವಿಷಯ ಲಾಡ್ಜಿನ ಫೋಟೋಗಳಲ್ಲ, ಅದರ ಗಾಡಿಗಳು ಓಡಾಡಬಹುದಾದ ಜಾಗ. ಅಲ್ಲಿಯವರು ಇದನ್ನು ಟ್ರಾವರ್ಸಿಂಗ್ ಅನ್ನುತ್ತಾರೆ. ಒಂದು ಲಾಡ್ಜಿನ ಸ್ವಂತ ಜಮೀನು ಚಿಕ್ಕದಿರಬಹುದು, ಪಕ್ಕದವರ ಜೊತೆ ಒಪ್ಪಂದ ಮಾಡಿಕೊಂಡು ದೊಡ್ಡ ಜಾಗ ಸುತ್ತಬಹುದು. ಒಪ್ಪಂದ ಇಲ್ಲದಿದ್ದರೆ, ಚಿರತೆ ಪಕ್ಕದ ಜಮೀನಿಗೆ ದಾಟಿದ ಕ್ಷಣ ನಿಮ್ಮ ಗಾಡಿ ಗಡಿಯಲ್ಲಿ ನಿಂತುಬಿಡುತ್ತದೆ. ಚಿರತೆಗೆ ಗಡಿ ಇಲ್ಲ, ನಿಮಗೆ ಇದೆ. "ಎಷ್ಟು ಹೆಕ್ಟೇರ್ ಟ್ರಾವರ್ಸಿಂಗ್ ಇದೆ?" ಅಂತ ಇಮೇಲ್‌ನಲ್ಲಿ ಕೇಳಿ. ಸರಿಯಾದ ಲಾಡ್ಜ್ ಇದಕ್ಕೆ ನೇರ ಉತ್ತರ ಕೊಡುತ್ತದೆ.

ಎರಡನೆಯದು ಗಾಡಿಯಲ್ಲಿ ಎಷ್ಟು ಜನ. ಒಂದು ಸಾಲಿಗೆ ಇಬ್ಬರಾ, ಮೂವರಾ? ಫೋಟೋ ತೆಗೆಯುವವರಿಗೆ ಮಧ್ಯದ ಸೀಟು ಸಿಕ್ಕರೆ ಆ ಸಫಾರಿಯೇ ದಂಡ. ಜೊತೆಗೆ ಟ್ರ್ಯಾಕರ್ ಇರುತ್ತಾರಾ ಕೇಳಿ. ಗಾಡಿಯ ಮೂಗಿನ ಮೇಲೆ ಒಂದು ಪುಟ್ಟ ಸೀಟಿನಲ್ಲಿ ಕೂತು, ಮಣ್ಣಿನ ಮೇಲಿನ ಹೆಜ್ಜೆ ಓದುವವರು ಅವರು. ನಾನು ಕಂಡ ಚಿರತೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅವರ ಕಣ್ಣಿಗೇ ಮೊದಲು ಬಿದ್ದದ್ದು. ಟ್ರ್ಯಾಕರ್ ಇಲ್ಲದ ಅಗ್ಗದ ಲಾಡ್ಜಿಗೂ ಇರುವ ಲಾಡ್ಜಿಗೂ ನಿಜವಾದ ವ್ಯತ್ಯಾಸ ಇದು.

ಮೂರನೆಯದು ಜೊತೆಗೆ ಬರುವವರು. 6 ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ತೆರೆದ ಗಾಡಿಗೆ ಹತ್ತಿಸಿಕೊಳ್ಳದ ಲಾಡ್ಜುಗಳು ತುಂಬಾ. ಮಲೇರಿಯಾ ಇರುವ ಜಾಗವಾದರೆ ಮಕ್ಕಳಿಗೆ ಮಾತ್ರೆಯ ಪ್ರಶ್ನೆ. ವಯಸ್ಸಾದವರಿಗೆ ಆ ಎತ್ತರದ ಲ್ಯಾಂಡ್ ಕ್ರೂಸರ್ ಹತ್ತುವುದೇ ಸವಾಲು.

ನಾಲ್ಕನೆಯದು ರಾತ್ರಿಗಳ ಸಂಖ್ಯೆ. ಕಾಸಿಗೆ ತಕ್ಕ ಕಜ್ಜಾಯ ಅನ್ನುವ ಗಾದೆ ಇಲ್ಲಿ ಅರ್ಧ ಮಾತ್ರ ನಿಜ. ದುಬಾರಿ ಲಾಡ್ಜಿನಲ್ಲಿ ಒಂದು ರಾತ್ರಿಗಿಂತ ಸಾಧಾರಣ ಲಾಡ್ಜಿನಲ್ಲಿ ಮೂರು ರಾತ್ರಿ ಎಷ್ಟೋ ಮೇಲು. ಇದನ್ನು ನಾನು ಕೈ ಸುಟ್ಟುಕೊಂಡು ಕಲಿತೆ. ಮೊದಲ ಸಲ ಹೋದಾಗ ಒಂದೇ ರಾತ್ರಿ ಬುಕ್ ಮಾಡಿದ್ದೆ. ಸಂಜೆ ಸಫಾರಿಯಲ್ಲಿ ಮಳೆ ಹೊಡೆಯಿತು. ಬೆಳಗ್ಗೆ ಮಂಜು. ಇಂಪಾಲಾ ಅನ್ನುವ ಜಿಂಕೆಯಂಥ ಪ್ರಾಣಿಗಳ ಒಂದು ಹಿಂಡು ಮತ್ತು ತುಂಬಾ ಒಳ್ಳೆಯ ಕೇಕ್ ನೋಡಿಕೊಂಡು ವಾಪಸ್ ಬಂದೆ.

ಕೊನೆಯದು ಎಲ್ಲರೂ ಕೇಳುವುದಿಲ್ಲ, ಕೇಳಿದರೆ ಒಳ್ಳೆಯದು. ಆ ಕಾಡಿನಲ್ಲಿ ಬೇಟೆ ನಡೆಯುತ್ತದಾ? ದುಡ್ಡು ಯಾರ ಕೈಗೆ ಹೋಗುತ್ತದೆ?

ಸಾಬಿ ಸ್ಯಾಂಡ್: ಚಿರತೆಗಾಗಿ

ಕ್ರೂಗರ್‌ನ ನೈರುತ್ಯಕ್ಕೆ ಅಂಟಿಕೊಂಡಿರುವ ಸುಮಾರು 65,000 ಹೆಕ್ಟೇರ್ ಕಾಡು. ನಮ್ಮ ನಾಗರಹೊಳೆ ರಾಷ್ಟ್ರೀಯ ಉದ್ಯಾನ ಹೆಚ್ಚುಕಮ್ಮಿ ಇಷ್ಟೇ ಇದೆ. ಆದರೆ ನಾಗರಹೊಳೆಯಲ್ಲಿ ಚಿರತೆ ಕಂಡರೆ ಮನೆಗೆ ಬಂದು ವಾರಗಟ್ಟಲೆ ಹೇಳಿಕೊಳ್ಳುತ್ತೇವೆ. ಸಾಬಿ ಸ್ಯಾಂಡ್‌ನಲ್ಲಿ ಮೂರು ರಾತ್ರಿ ಇದ್ದು ಚಿರತೆ ನೋಡದೆ ಬಂದವರನ್ನು ಕಂಡರೆ ನನಗೆ ಆಶ್ಚರ್ಯ. ಇಲ್ಲಿನ ಚಿರತೆಗಳು ದಶಕಗಳಿಂದ, ತಾಯಿ-ಮಗಳು-ಮೊಮ್ಮಗಳು ಅಂತ ತಲೆಮಾರು ತಲೆಮಾರು ಗಾಡಿ ನೋಡುತ್ತಾ ಬೆಳೆದಿವೆ. ಮರದ ಮೇಲೆ ಇಂಪಾಲಾ ಎಳೆದುಕೊಂಡು ಕೂತ ಚಿರತೆ, ಹತ್ತು ಮೀಟರ್ ದೂರದಲ್ಲಿ ಗಾಡಿ ನಿಂತರೂ ತಲೆ ಎತ್ತಿ ನೋಡುವುದಿಲ್ಲ.

ಲಂಡೋಲೋಜಿ, ಮಲಾಮಲಾ, ಸಿಂಗೀತಾ, ಸಾಬಿ ಸಾಬಿ ಎಲ್ಲ ಇರುವುದು ಇಲ್ಲೇ. ಸಿಂಗೀತಾದಂಥ ಜಾಗದಲ್ಲಿ ಒಬ್ಬರಿಗೆ ಒಂದು ರಾತ್ರಿಗೆ 2,000 ಡಾಲರ್ ದಾಟುತ್ತದೆ. ಹೆದರಬೇಡಿ. ಇದೇ ಕಾಡಿನಲ್ಲಿ ಎಲಿಫೆಂಟ್ ಪ್ಲೇನ್ಸ್, ಉಮ್ಕುಂಬೆ ಥರದ ಸಾಧಾರಣ ಲಾಡ್ಜುಗಳೂ ಇವೆ. ಅಲ್ಲಿ ಆ ದುಡ್ಡಿನ ಒಂದು ಸಣ್ಣ ಪಾಲಿಗೆ ಊಟ, ಎರಡು ಸಫಾರಿ, ಹಾಸಿಗೆ ಎಲ್ಲ ಸಿಗುತ್ತದೆ. ಚಿರತೆಗೆ ಯಾವ ಲಾಡ್ಜಿಗೆ ಎಷ್ಟು ಸ್ಟಾರ್ ಅಂತ ಗೊತ್ತಿಲ್ಲ.

ಹಾಗಾದರೆ ಕೊಟ್ಟ ಲಕ್ಷಕ್ಕೆ ಏನೂ ಸಿಗುವುದಿಲ್ಲವಾ? ಸಿಗುತ್ತದೆ. ಮಲಾಮಲಾದಂಥವರಿಗೆ ಸ್ವಂತ ವಿಶಾಲ ಜಾಗವಿದೆ, ಕ್ರೂಗರ್ ಜೊತೆ 19 ಕಿಲೋಮೀಟರ್ ಗಡಿ ಇದೆ. ಬೇರೆ ಲಾಡ್ಜಿನ ಗಾಡಿ ಅಲ್ಲಿ ಬರುವುದಿಲ್ಲ. ಅಗ್ಗದ ಲಾಡ್ಜುಗಳು ಒಂದೇ ಜಾಗವನ್ನು ಹಂಚಿಕೊಳ್ಳುವುದರಿಂದ, ಒಂದು ಸಿಂಹ ಕಂಡರೆ ನಿಮ್ಮ ಗಾಡಿ ಸರದಿಯಲ್ಲಿ ಕಾಯಬೇಕಾಗಬಹುದು. ರೇಡಿಯೋದಲ್ಲಿ ಮಾತಾಡಿಕೊಂಡು ಒಬ್ಬರು ಹೊರಟ ಮೇಲೆ ಇನ್ನೊಬ್ಬರು ಒಳಗೆ. ಇಪ್ಪತ್ತು ನಿಮಿಷಕ್ಕೆ ಜಾಗ ಬಿಡಬೇಕು. ಸುಮ್ನೆ ಒಂದು ಪ್ರಾಣಿಯ ಜೊತೆ ಎರಡು ಗಂಟೆ ಕೂರಬೇಕು ಅನ್ನುವ ಫೋಟೋದವರಿಗೆ ಇದು ಕಷ್ಟ. ಮೊದಲ ಸಲ ಹೋಗುವವರಿಗೆ ಇಪ್ಪತ್ತು ನಿಮಿಷ ಧಾರಾಳ ಸಾಕು.

ಅಂದ ಹಾಗೆ ಮಲಾಮಲಾ ಭೂಮಿಯ ಕಥೆ ಸ್ವಾರಸ್ಯವಾಗಿದೆ. ವರ್ಣಭೇದದ ಕಾಲದಲ್ಲಿ ಕಪ್ಪು ಜನರಿಂದ ಕಿತ್ತುಕೊಂಡ ನೆಲವನ್ನು ವಾಪಸ್ ಕೊಡಿಸುವ ಕಾನೂನಿನ ಅಡಿ, 2013ರಲ್ಲಿ ಸರ್ಕಾರ ಸುಮಾರು 100 ಕೋಟಿ ರಾಂಡ್ (ಅಲ್ಲಿನ ಹಣ) ಕೊಟ್ಟು ಆ ಜಾಗ ಕೊಂಡು ಸ್ಥಳೀಯ ಸಮುದಾಯಕ್ಕೆ ಒಪ್ಪಿಸಿತು. ಲಾಡ್ಜ್ ಮುಂದುವರಿಯಿತು, ಒಡೆಯರು ಬದಲಾದರು.

ಖಡ್ಗಮೃಗದ ಬಗ್ಗೆ ಒಂದು ಮಾತು. ಇಡೀ ಈ ಭಾಗದಲ್ಲಿ ನೀವು ನೋಡುವ ಖಡ್ಗಮೃಗಗಳಿಗೆ ಕೊಂಬು ಇಲ್ಲದಿರಬಹುದು. ಕಳ್ಳಬೇಟೆ ತಡೆಯಲು ಅವರೇ ಕತ್ತರಿಸಿರುತ್ತಾರೆ. ಉಗುರಿನ ಹಾಗೆ ಮತ್ತೆ ಬೆಳೆಯುತ್ತದೆ, ಪ್ರಾಣಿಗೆ ನೋವಿಲ್ಲ. ಫೋಟೋ ಹಾಕುವಾಗ ಜಾಗದ ಗುರುತು ತೆಗೆಯಿರಿ ಅಂತ ರೇಂಜರ್ ಹೇಳಿದರೆ ದಯವಿಟ್ಟು ಕೇಳಿ.

ಯಾರಿಗೆ? ಜೀವನದಲ್ಲಿ ಒಂದೇ ಸಲ ಅಂತ ಹೋಗುವವರಿಗೆ. ಸಮಯ ಕಡಿಮೆ ಇರುವವರಿಗೆ. ನನ್ನ ಸಹೋದ್ಯೋಗಿ ದಂಪತಿಗೆ ನಾನು ಹೇಳಿದ್ದು ಇದನ್ನೇ. ಸಾಧಾರಣ ಲಾಡ್ಜ್, ಮೂರು ರಾತ್ರಿ.

ಟಿಂಬವಾಟಿ, ಮನ್ಯೆಲೆಟಿ: ಗದ್ದಲ ಕಡಿಮೆ

ಸಾಬಿ ಸ್ಯಾಂಡ್‌ಗೆ ಉತ್ತರದಲ್ಲಿ, ಅದೇ ಬೇಲಿ ಇಲ್ಲದ ಸಾಲಿನಲ್ಲಿ ಟಿಂಬವಾಟಿ ಇದೆ. ಸುಮಾರು 53,000 ಹೆಕ್ಟೇರ್. 1956ರಲ್ಲಿ ಜಮೀನಿನ ಒಡೆಯರು ಸೇರಿ ಕಟ್ಟಿದ್ದು. 1970ರ ದಶಕದಲ್ಲಿ ಬಿಳಿ ಸಿಂಹದ ಮರಿಗಳು ಕಂಡು ಪ್ರಪಂಚಕ್ಕೆ ಹೆಸರಾಯಿತು. ಈಗಲೂ ಬಿಳಿ ಸಿಂಹ ನೋಡಬೇಕು ಅಂತ ಅಲ್ಲಿಗೆ ಹೋದರೆ ನಿರಾಸೆಯೇ ಜಾಸ್ತಿ. ಆನೆ, ಕಾಡೆಮ್ಮೆ ಹಿಂಡು, ಸಿಂಹ ಚೆನ್ನಾಗಿ ಸಿಗುತ್ತವೆ. ಚಿರತೆ ಸಾಬಿ ಸ್ಯಾಂಡ್‌ನಷ್ಟು ಸಲೀಸಲ್ಲ. ಲಾಡ್ಜುಗಳು ಕಡಿಮೆ, ಆದ್ದರಿಂದ ಗಾಡಿಗಳೂ ಕಡಿಮೆ. ಒಂದೇ ದರಕ್ಕೆ ಇಲ್ಲಿ ಸಾಬಿ ಸ್ಯಾಂಡ್‌ಗಿಂತ ಒಂದು ಮೆಟ್ಟಿಲು ಮೇಲಿನ ಕೋಣೆ ಸಿಗುವುದು ಸಾಮಾನ್ಯ.

ತಕರಾರು ಒಂದೇ. ಟಿಂಬವಾಟಿ ಮತ್ತು ಅದರ ಪಕ್ಕದ ಕ್ಲಾಸೆರಿ ಸೇರಿರುವ ಒಕ್ಕೂಟದಲ್ಲಿ ಪ್ರತಿವರ್ಷ ಇಂತಿಷ್ಟು ಅಂತ ಕಾನೂನುಬದ್ಧ ಬೇಟೆಗೆ ಅವಕಾಶವಿದೆ. ಪ್ರವಾಸಿಗರಿಗೆ ಅದು ಕಾಣುವುದಿಲ್ಲ. ಕಾವಲುಗಾರರ ಸಂಬಳ, ಕಳ್ಳಬೇಟೆ ತಡೆಯುವ ಖರ್ಚು ಇದರಿಂದ ಬರುತ್ತದೆ ಅನ್ನುವುದು ಅವರ ವಾದ. ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ. ಆದರೆ ನಮ್ಮಮ್ಮನಂಥವರಿಗೆ ಆ ಊಟ ಗಂಟಲಲ್ಲಿ ಇಳಿಯುವುದಿಲ್ಲ. ಗೊತ್ತಿದ್ದು ಹೋಗಿ, ಅಷ್ಟೇ. ಬೇಟೆ ಬೇಡವೇ ಬೇಡ ಅನ್ನುವವರಿಗೆ ಕೀನ್ಯಾ ಸರಳ ಉತ್ತರ. ಅಲ್ಲಿ 1977ರಲ್ಲೇ ಬೇಟೆ ನಿಷೇಧಿಸಿದ್ದಾರೆ.

ಟಿಂಬವಾಟಿ ಮತ್ತು ಸಾಬಿ ಸ್ಯಾಂಡ್ ನಡುವೆ ಮನ್ಯೆಲೆಟಿ ಅಂತ 23,000 ಹೆಕ್ಟೇರಿನ ಪುಟ್ಟ ಕಾಡಿದೆ. ಅಲ್ಲಿನ ಶಂಗಾನ್ ಜನರ ಮಾತಿನಲ್ಲಿ ಆ ಹೆಸರಿಗೆ ನಕ್ಷತ್ರಗಳ ಜಾಗ ಅಂತ ಅರ್ಥ. ವರ್ಣಭೇದದ ಕಾಲದಲ್ಲಿ ಕಪ್ಪು ಜನರು ರಜೆಗೆ ಬಂದು ಕಾಡು ನೋಡಲು ಅವಕಾಶವಿದ್ದ ಜಾಗ ಇದು. ಈಗ ಮ್ನಿಸಿ ಸಮುದಾಯದ್ದು. ಲಾಡ್ಜುಗಳು ಬೆರಳೆಣಿಕೆ, ದರ ಮಧ್ಯಮ. ನಾನು ಮತ್ತೆ ದಕ್ಷಿಣ ಆಫ್ರಿಕಾಕ್ಕೆ ಹೋದರೆ ಮೊದಲು ನೋಡುವುದು ಇಲ್ಲಿನ ಕೋಣೆ ಖಾಲಿ ಇದೆಯಾ ಅಂತ.

ಮಡಿಕ್ವೆ: ಮಕ್ಕಳಿದ್ದರೆ

ಭಾವನ ಮನೆಗೆ ನಾನು ಹೇಳಿದ್ದು ಮಡಿಕ್ವೆ. ಕಾರಣ ಒಂದೇ ಪದ: ಮಲೇರಿಯಾ. ಅಲ್ಲಿ ಅದು ಇಲ್ಲ.

ಬೋಟ್ಸ್‌ವಾನಾ ಗಡಿಯಲ್ಲಿ, ಜೋಹಾನ್ಸ್‌ಬರ್ಗ್‌ನಿಂದ ಕಾರಿನಲ್ಲಿ ನಾಲ್ಕರಿಂದ ಐದು ಗಂಟೆ. ಸುಮಾರು 75,000 ಹೆಕ್ಟೇರ್. ಹಿಂದೆ ದನ ಮೇಯಿಸಿ ಸವೆದುಹೋದ ಬಂಜರು ಜಮೀನು. 1991ರಲ್ಲಿ ಸುತ್ತ ಬೇಲಿ ಹಾಕಿ, ಆರೇಳು ವರ್ಷದಲ್ಲಿ 8,000ಕ್ಕೂ ಹೆಚ್ಚು ಪ್ರಾಣಿಗಳನ್ನು ತಂದು ಬಿಟ್ಟರು. ಆ ಕೆಲಸಕ್ಕೆ ಆಪರೇಷನ್ ಫೀನಿಕ್ಸ್ ಅಂತ ಹೆಸರು. ಕಾಗದದ ಮೇಲೆ ಇದು ಸರ್ಕಾರಿ ಕಾಡು, ಖಾಸಗಿಯಲ್ಲ. ಆದರೆ ಲಾಡ್ಜುಗಳು ಖಾಸಗಿ, ಸ್ವಂತ ಕಾರಿನಲ್ಲಿ ಸುತ್ತಲು ಬಿಡುವುದಿಲ್ಲ, ಉಳಿಯದವರಿಗೆ ಪ್ರವೇಶವಿಲ್ಲ. ಹಾಗಾಗಿ ಅನುಭವ ಖಾಸಗಿ ಕಾಡಿನದೇ. ಕೆಲವು ಲಾಡ್ಜುಗಳು ಅಲ್ಲಿನ ಹಳ್ಳಿ ಸಮುದಾಯಗಳದ್ದು.

ಇಲ್ಲಿನ ವಿಶೇಷ ಚುಕ್ಕೆ ಮೈಯ ಆಫ್ರಿಕಾದ ಕಾಡುನಾಯಿ. ನಮ್ಮ ಸೀಳುನಾಯಿಯ ದೂರದ ನೆಂಟ. ಅದನ್ನು ನೋಡಲು ಇದು ಒಳ್ಳೆಯ ಜಾಗ. ಸಿಂಹ, ಆನೆ ಧಾರಾಳ. ಚಿರತೆ ಮಾತ್ರ ನಾಚಿಕೆಯದು. ಮಕ್ಕಳಿಗೆ ಚಿರತೆ ಮುಖ್ಯವಲ್ಲ, ಆನೆ ನೀರು ಕುಡಿಯುವುದು ಮುಖ್ಯ. ಲಾಡ್ಜಿನ ಮುಂದೆಯೇ ನೀರಿನ ಹೊಂಡ ಇರುವ ಕಡೆ ಬುಕ್ ಮಾಡಿದರೆ, ಚಿಕ್ಕವನನ್ನು ಗಾಡಿಗೆ ಹತ್ತಿಸದಿದ್ದರೂ ಅವನಮ್ಮ, ಅಂದರೆ ನಮ್ಮಕ್ಕ, ಅವನ ಜೊತೆ ಕೂತು ನೋಡಬಹುದು. ಅಥವಾ ಮಕ್ಕಳಿರುವ ಸಂಸಾರಕ್ಕೆ ಬೇರೆ ಗಾಡಿ ಕೊಡುವ ಲಾಡ್ಜ್ ಹುಡುಕಬೇಕು. ದರ ಏರುತ್ತದೆ. ಆದರೆ 5 ವರ್ಷದವನು ಒಂದು ಗಂಟೆಗೇ "ಮನೆಗೆ ಹೋಗೋಣ" ಅಂದಾಗ, ಜೊತೆಗೆ ಕೂತ ಜರ್ಮನ್ ದಂಪತಿಯ ಮುಖ ನೋಡಬೇಕಾದ ಪರಿಸ್ಥಿತಿ ತಪ್ಪುತ್ತದೆ.

ದುಡ್ಡು ಕಡಿಮೆ ಇರುವ ದೊಡ್ಡವರಿಗೆ ಇಲ್ಲೇ ಮೊಸೆಟ್ಲಾ ಅನ್ನುವ ಕ್ಯಾಂಪ್ ಇದೆ. ಕರೆಂಟ್ ಇಲ್ಲ. ಸೌದೆ ಉರಿಯಲ್ಲಿ ನೀರು ಕಾಯಿಸಿ ಬಕೆಟ್ಟಿಗೆ ತುಂಬಿ ಸ್ನಾನ. ಹಂಡೆ ಒಲೆಯ ಮನೆಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ, ಅಲ್ವಾ?

ಬೇಲಿ ಇರುವ ಕಾಡಿನ ಕಷ್ಟವೂ ಇಲ್ಲಿದೆ. ಆನೆಗಳು ಜಾಗಕ್ಕಿಂತ ಜಾಸ್ತಿಯಾಗಿವೆ. 2024ರ ಬರದಲ್ಲಿ ಮೇವಿಲ್ಲದೆ ಎಷ್ಟೋ ಆನೆಗಳು ಸತ್ತವು. ಕ್ರೂಗರ್ ಪಕ್ಕದ ಕಾಡುಗಳಲ್ಲಿ ಪ್ರಾಣಿ ಬೇರೆ ಕಡೆ ನಡೆದು ಹೋಗಬಹುದು, ಇಲ್ಲಿ ಆಗುವುದಿಲ್ಲ.

ಮಾರಾ ಕನ್ಸರ್ವೆನ್ಸಿಗಳು: ಬಯಲು ಮತ್ತು ಜನ

ಈಗ ಕೀನ್ಯಾ. ಅಮ್ಮನನ್ನು ನಾನು ಕರೆದುಕೊಂಡು ಹೋಗಿದ್ದು ಇಲ್ಲಿಗೆ.

ಮಸಾಯಿ ಮಾರಾ ರಾಷ್ಟ್ರೀಯ ಮೀಸಲು ಸುಮಾರು 1,500 ಚದರ ಕಿಲೋಮೀಟರ್. ಅದರ ಉತ್ತರ, ಪೂರ್ವಕ್ಕೆ ಕನ್ಸರ್ವೆನ್ಸಿಗಳು, ಅಂದರೆ ಸರ್ಕಾರದ್ದಲ್ಲದ ವನ್ಯಜೀವಿ ಜಾಗಗಳು, ಹಬ್ಬಿವೆ: ಮಾರಾ ನಾರ್ತ್, ಓಲಾರೆ ಮೊಟೊರೊಗಿ, ನಬೋಯಿಶೊ, ಓಲ್ ಕಿನ್ಯೇ. ಇಲ್ಲಿ ನೆಲ ಅಲ್ಲಿನ ಬುಡಕಟ್ಟಾದ ಮಸಾಯಿ ಜನರ ಕುಟುಂಬಗಳದ್ದು. 2010ರಲ್ಲಿ ಶುರುವಾದ ನಬೋಯಿಶೊದಲ್ಲಿ 500ಕ್ಕೂ ಹೆಚ್ಚು ಕುಟುಂಬಗಳು ತಮ್ಮ ತುಂಡು ತುಂಡು ಜಮೀನು ಒಟ್ಟುಗೂಡಿಸಿ, ಸುಮಾರು 50,000 ಎಕರೆಯನ್ನು ಕ್ಯಾಂಪ್‌ಗಳಿಗೆ ಗುತ್ತಿಗೆ ಕೊಟ್ಟಿವೆ. ತಿಂಗಳು ತಿಂಗಳು ಬಾಡಿಗೆ ಬರುತ್ತದೆ. ಅವರ ಭಾಷೆಯಲ್ಲಿ ನಬೋಯಿಶೊ ಅಂದರೆ ಒಟ್ಟುಗೂಡುವುದು ಅಂತಲೇ ಅರ್ಥ. ದುಡ್ಡು ಯಾರ ಕೈಗೆ ಹೋಗುತ್ತದೆ ಅನ್ನುವ ಪ್ರಶ್ನೆಗೆ ಇಷ್ಟು ನೇರ ಉತ್ತರ ಬೇರೆ ಕಡೆ ಸಿಗುವುದು ಅಪರೂಪ.

ಮೀಸಲಿನ ಒಳಗೆ ದಾರಿ ಬಿಟ್ಟು ಹೋಗುವ ಹಾಗಿಲ್ಲ, ರಾತ್ರಿ ಸಫಾರಿ ಇಲ್ಲ. ವೈಲ್ಡ್‌ಬೀಸ್ಟ್ ಅನ್ನುವ ದೊಡ್ಡ ಹುಲ್ಲೆಗಳ ಹಿಂಡು ವಲಸೆ ಬರುವ ಸಮಯದಲ್ಲಿ ಒಂದು ಚೀತಾ ಸುತ್ತ ಮೂವತ್ತು ವ್ಯಾನ್ ನಿಂತಿರುತ್ತವೆ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ನೆನಪಾಗುತ್ತದೆ. ಕನ್ಸರ್ವೆನ್ಸಿಯಲ್ಲಿ ಒಂದು ಪ್ರಾಣಿಯ ಹತ್ತಿರ ಐದು ಗಾಡಿಗಿಂತ ಜಾಸ್ತಿ ಬಿಡುವುದಿಲ್ಲ. ಎಷ್ಟು ಎಕರೆಗೆ ಎಷ್ಟು ಟೆಂಟ್ ಅಂತಲೂ ಮಿತಿ ಇದೆ. ರಾತ್ರಿ ಸುತ್ತಬಹುದು, ಮಸಾಯಿ ಗೈಡ್ ಜೊತೆ ನಡೆಯಬಹುದು.

ದಕ್ಷಿಣ ಆಫ್ರಿಕಾದ ಪೊದೆಕಾಡಿಗೂ ಇದಕ್ಕೂ ಅಜಗಜಾಂತರ. ಇದು ಹುಲ್ಲಿನ ಬಯಲು. ಎರಡು ಕಿಲೋಮೀಟರ್ ದೂರದ ಜಿರಾಫೆ ಕಾಣುತ್ತದೆ. ಸಿಂಹದ ಹಿಂಡು, ಚೀತಾ ಓಡುವುದು, ಕತ್ತೆಕಿರುಬದ ಜಗಳ ಎಲ್ಲ ಬಯಲಿನಲ್ಲೇ. ಚಿರತೆ ಇದೆ, ನದಿ ಬದಿಯ ಮರಗಳಲ್ಲಿ ಹುಡುಕಬೇಕು. ಖಡ್ಗಮೃಗ ಕಷ್ಟ. ಬಿಗ್ ಫೈವ್ ಪಟ್ಟಿಗೆ ಟಿಕ್ ಹಾಕುವವರಾದರೆ ಸಾಬಿ ಸ್ಯಾಂಡ್ ಸುಲಭ. ಆ ಬಯಲಿನ ಬೆಳಗ್ಗೆ ಬೇಕು ಅನ್ನುವವರಾದರೆ ಮಾರಾ.

ವೈಲ್ಡ್‌ಬೀಸ್ಟ್ ವಲಸೆ ಮಾರಾಕ್ಕೆ ಬರುವುದು ಹೆಚ್ಚುಕಮ್ಮಿ ಜುಲೈನಿಂದ ಅಕ್ಟೋಬರ್. ನದಿ ದಾಟುವ ದೃಶ್ಯ ಹೆಚ್ಚಾಗಿ ಮೀಸಲಿನ ಒಳಗೆ. ಕನ್ಸರ್ವೆನ್ಸಿಯಲ್ಲಿ ಉಳಿದು ಒಂದು ದಿನ ಮೀಸಲಿಗೆ ಹೋಗಿ ಬರಬಹುದು, ಆದರೆ ಅಲ್ಲಿನ ಶುಲ್ಕ ಬೇರೆ. ವಿದೇಶಿಯರಿಗೆ ಅದನ್ನು 2024ರಲ್ಲಿ ಏರಿಸಿ, ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್ ಮಾಡಿದರು. ನದಿ ದಾಟುವುದು ನಿಮ್ಮ ಕನಸಲ್ಲದಿದ್ದರೆ ಜನವರಿ, ಫೆಬ್ರವರಿಯಲ್ಲಿ ಹೋಗಿ. ಸಿಂಹ, ಚೀತಾ ವರ್ಷವಿಡೀ ಅಲ್ಲೇ ಇರುತ್ತವೆ. ದರ ಕಡಿಮೆ, ಗದ್ದಲವೂ ಕಡಿಮೆ.

ಅಮ್ಮನ ಮಂಡಿಯ ವಿಷಯ ಮೊದಲೇ ಬರೆದು ತಿಳಿಸಿದ್ದೆ. ಗಾಡಿಯ ಪಕ್ಕದಲ್ಲಿ ಒಂದು ಮರದ ಮೆಟ್ಟಿಲು ಇಟ್ಟುಕೊಂಡು ಬಂದಿದ್ದರು. ಊಟದ್ದು ಇನ್ನೂ ಸುಲಭ. ಕೀನ್ಯಾದಲ್ಲಿ ಚಪಾತಿ ಮನೆಮನೆಯ ತಿಂಡಿ, ಹೆಸರೂ ಚಪಾತಿಯೇ. ನಮ್ಮ ಕಡೆಯಿಂದ ಹೋಗಿ ನೆಲೆಸಿದವರು ಒಯ್ದದ್ದು. ಕ್ಯಾಂಪಿನ ಅಡುಗೆಯವನು ಬೇಳೆ, ಚಪಾತಿ, ಸುಕುಮಾ ಅನ್ನುವ ಸೊಪ್ಪಿನ ಪಲ್ಯ ಮಾಡಿ ಬಡಿಸಿದ. ಅಮ್ಮ ಅವನಿಗೆ ಒಗ್ಗರಣೆಗೆ ಇಂಗು ಹಾಕುವುದನ್ನು ಹೇಳಿಕೊಟ್ಟು ಬಂದರು. ದಕ್ಷಿಣ ಆಫ್ರಿಕಾದ ಲಾಡ್ಜುಗಳಲ್ಲೂ ಸಸ್ಯಾಹಾರ ಸಿಗುತ್ತದೆ. ಆದರೆ ಮುಂಚೆ ಹೇಳದಿದ್ದರೆ ಮೂರು ದಿನವೂ ಪಾಸ್ತಾ, ಅಣಬೆ.

ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಪುಟ್ಟ ವಿಮಾನದಲ್ಲಿ ಮುಕ್ಕಾಲು ಗಂಟೆಯ ದಾರಿ. 15 ಕೆಜಿ ಮಾತ್ರ, ಅದೂ ಮೆತ್ತನೆಯ ಬ್ಯಾಗ್. ಚಕ್ರದ ಗಟ್ಟಿ ಸೂಟ್‌ಕೇಸ್ ಒಯ್ದರೆ ನೈರೋಬಿಯಲ್ಲೇ ಬಿಟ್ಟು ಹೋಗಬೇಕು. ರಸ್ತೆಯಲ್ಲಾದರೆ ಐದಾರು ಗಂಟೆ. ಕೊನೆಯ ಭಾಗದಲ್ಲಿ ಸೊಂಟ ಗಟ್ಟಿ ಇರಬೇಕು.

ದುಡ್ಡು ಇನ್ನೂ ಕಡಿಮೆ ಇದ್ದರೆ

ಕೀನ್ಯಾದಲ್ಲಿ ನಾನ್ಯುಕಿ ಊರಿನ ಹತ್ತಿರ ಓಲ್ ಪೆಜೆಟಾ ಇದೆ. 90,000 ಎಕರೆ. ಹಿಂದೆ ದನಗಳ ದೊಡ್ಡ ಫಾರ್ಮ್. ಇದು ಖಾಸಗಿ ಕಾಡಾದರೂ ಟಿಕೆಟ್ ತೆಗೆದುಕೊಂಡು ಸ್ವಂತ ಅಥವಾ ಬಾಡಿಗೆ ಗಾಡಿಯಲ್ಲಿ ಹೋಗಬಹುದು. ಪ್ರಪಂಚದಲ್ಲಿ ಉಳಿದಿರುವ ಕೊನೆಯ ಎರಡು ಉತ್ತರದ ಬಿಳಿ ಖಡ್ಗಮೃಗಗಳು, ತಾಯಿ ನಾಜಿನ್ ಮತ್ತು ಮಗಳು ಫಾತು, ಇಲ್ಲೇ ಇವೆ. ಕೊನೆಯ ಗಂಡು ಸೂಡಾನ್ 2018ರ ಮಾರ್ಚ್‌ನಲ್ಲಿ ತೀರಿಕೊಂಡ. ಖಡ್ಗಮೃಗಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಕೀನ್ಯಾದಲ್ಲಿ ನನಗೆ ಗೊತ್ತಿಲ್ಲ. ಮಾರಾದಲ್ಲಿ ಕೊರತೆಯಾದದ್ದು ಇಲ್ಲಿ ತುಂಬುತ್ತದೆ. ಎರಡು ರಾತ್ರಿ ಇಲ್ಲಿ, ಮೂರು ರಾತ್ರಿ ಮಾರಾ ಕನ್ಸರ್ವೆನ್ಸಿ ಮಾಡಿದರೆ ಲೆಕ್ಕ ಸರಿಹೋಗುತ್ತದೆ.

ದಕ್ಷಿಣ ಆಫ್ರಿಕಾದಲ್ಲಿ ಅಗ್ಗದ ದಾರಿ ಕ್ರೂಗರ್ ಒಳಗೆ ನೀವೇ ಕಾರು ಓಡಿಸುವುದು. ನಮ್ಮ ಹಾಗೇ ಎಡಗಡೆ ಓಡಿಸುವ ದೇಶ. ಡಾಂಬರು ರಸ್ತೆಯಲ್ಲಿ 50, ಮಣ್ಣಿನ ದಾರಿಯಲ್ಲಿ 40 ಕಿಲೋಮೀಟರ್ ವೇಗದ ಮಿತಿ. ಸರ್ಕಾರಿ ಕ್ಯಾಂಪುಗಳಲ್ಲಿ ಗುಡಿಸಲಿನಂಥ ಕೋಣೆ, ಅಡುಗೆ ಮಾಡಿಕೊಳ್ಳಲು ಜಾಗ. ಅಕ್ಕಿ-ಬೇಳೆ ಅಲ್ಲಿನ ಊರಿನ ಅಂಗಡಿಯಲ್ಲೇ ಕೊಂಡು ಅನ್ನ-ಸಾರು ಮಾಡಿಕೊಳ್ಳಬಹುದು. ಕಾರಿಂದ ಇಳಿಯುವ ಹಾಗಿಲ್ಲ, ಗೇಟ್ ಮುಚ್ಚುವ ಹೊತ್ತಿಗೆ ಒಳಗಿರಬೇಕು. ನಿಮ್ಮ ಕಣ್ಣಿಗೆ ಬಿದ್ದದ್ದಷ್ಟೇ ನಿಮಗೆ. ಟ್ರ್ಯಾಕರ್ ಇಲ್ಲ.

ನನ್ನ ಪ್ರಕಾರ ಮಧ್ಯಮ ವರ್ಗದವರಿಗೆ ಎಲ್ಲಕ್ಕಿಂತ ಹೊಂದುವ ಲೆಕ್ಕ ಇದು: ಮೊದಲು ಕ್ರೂಗರ್‌ನಲ್ಲಿ ಮೂರು ರಾತ್ರಿ ಸ್ವಂತವಾಗಿ, ಆಮೇಲೆ ಸಾಬಿ ಸ್ಯಾಂಡ್ ಅಥವಾ ಮನ್ಯೆಲೆಟಿಯ ಸಾಧಾರಣ ಲಾಡ್ಜಿನಲ್ಲಿ ಎರಡು ರಾತ್ರಿ. ಈ ಕ್ರಮ ತಿರುಗಿಸಬೇಡಿ. ಖಾಸಗಿ ಕಾಡಿನಿಂದ ಬಂದ ಮೇಲೆ ಸ್ವಂತ ಕಾರಿನ ಸಫಾರಿ ಸಪ್ಪೆ ಅನ್ನಿಸುತ್ತದೆ.

ಒಂದು ಕಡೆ ಮಾತ್ರ ಎಷ್ಟೇ ಅಗ್ಗವಾದರೂ ಹೋಗಬೇಡಿ. ಸಿಂಹದ ಮರಿ ಎತ್ತಿಕೊಂಡು ಫೋಟೋ ತೆಗೆಸುವ, ಸಿಂಹದ ಜೊತೆ ವಾಕಿಂಗ್ ಮಾಡಿಸುವ ಜಾಗಗಳು. ಹೀಗೆ ಪಂಜರದಲ್ಲಿ ಸಾಕಿದ ಸಿಂಹಗಳನ್ನು ದೊಡ್ಡದಾದ ಮೇಲೆ ಬೇಲಿಯೊಳಗೆ ಬಿಟ್ಟು ಬೇಟೆಗೆ ಮಾರುವುದು ಅಲ್ಲಿ ದೊಡ್ಡ ದಂಧೆ.

ಬುಕ್ ಮಾಡುವ ಮೊದಲು

ಕೀನ್ಯಾಕ್ಕೆ ವೀಸಾ ಬದಲು 2024ರಿಂದ ಆನ್‌ಲೈನ್ ಅನುಮತಿ. ಮುಂಬೈಯಿಂದ ನೈರೋಬಿಗೆ ನೇರ ವಿಮಾನವೂ ಇದೆ. ದಕ್ಷಿಣ ಆಫ್ರಿಕಾಕ್ಕೆ ಮೊದಲೇ ವೀಸಾ ಬೇಕು, ಮಕ್ಕಳಿದ್ದರೆ ಜನನ ಪ್ರಮಾಣಪತ್ರ ಜೊತೆಗಿರಲಿ. ಹೊರಡುವ ಮುಂಚೆ ತಯಾರಿಗೆ ಸಮಯ ಕಡಿಮೆ ಇದ್ದವರಿಗೆ ಈ ಒಂದು ಕಾರಣಕ್ಕೇ ಕೀನ್ಯಾ ಗೆಲ್ಲುತ್ತದೆ.

ಆದರೆ ಕೀನ್ಯಾಕ್ಕೆ ಹೋದರೆ ಹಳದಿ ಜ್ವರದ ಲಸಿಕೆ ಬೇಕೇ ಬೇಕು. ಕೀನ್ಯಾ ಕೇಳದಿದ್ದರೂ ವಾಪಸ್ ಬರುವಾಗ ನಮ್ಮ ದೇಶದವರೇ ಕೇಳುತ್ತಾರೆ. ಕಾರ್ಡ್ ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಲಸಿಕೆ ಹಾಕಿಸಿ 10 ದಿನ ಆದ ಮೇಲೆಯೇ ಅದಕ್ಕೆ ಬೆಲೆ. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಮುಂಚೆ ಹೆಸರು ಬರೆಸಬೇಕು. 60 ದಾಟಿದವರು ಡಾಕ್ಟರನ್ನು ಕೇಳದೆ ಹಾಕಿಸಿಕೊಳ್ಳಬಾರದು. ಅಮ್ಮನ ವಿಷಯದಲ್ಲಿ ನಾವು ಟಿಕೆಟ್ ತೆಗೆಯುವ ಮೊದಲೇ ಈ ಕೆಲಸ ಮುಗಿಸಿದ್ದೆವು. ಡಾಕ್ಟರ್ ಬೇಡ ಅಂದಿದ್ದರೆ ಮಡಿಕ್ವೆಗೆ ಹೋಗುತ್ತಿದ್ದೆವು.

ಲಾಡ್ಜ್ ಹೇಳುವ ದರದಲ್ಲಿ ಏನೇನು ಸೇರಿದೆ ಅಂತ ಬರೆಸಿಕೊಳ್ಳಿ. ಊಟ, ಎರಡು ಸಫಾರಿ ಎಲ್ಲ ಕಡೆ ಇರುತ್ತದೆ. ಗೇಟಿನ ಶುಲ್ಕ, ಕನ್ಸರ್ವೆನ್ಸಿ ಶುಲ್ಕ, ಪಾನೀಯ, ವಿಮಾನ ಇಳಿದಲ್ಲಿಂದ ಲಾಡ್ಜಿಗೆ ಗಾಡಿ, ಇವು ಕೆಲವು ಕಡೆ ಬೇರೆ. ರೇಂಜರ್, ಟ್ರ್ಯಾಕರ್, ಅಡುಗೆಯವರಿಗೆ ಕೊಡುವ ಟಿಪ್ಸ್ ಅಂತೂ ಯಾವ ಬಿಲ್ಲಿನಲ್ಲೂ ಇರುವುದಿಲ್ಲ, ಕೊಡದೆ ಬರುವ ಹಾಗೂ ಇಲ್ಲ. ಒಬ್ಬರೇ ಹೋಗುವವರಿಗೆ ಇಬ್ಬರ ಕೋಣೆಯ ದರದಲ್ಲಿ ದೊಡ್ಡ ಪಾಲು ಬೀಳುತ್ತದೆ. ಅಂಥವರಿಗೆ ರಿಯಾಯಿತಿ ಕೊಡುವ ತಿಂಗಳುಗಳು ಕೆಲವು ಲಾಡ್ಜುಗಳಲ್ಲಿವೆ, ಕೇಳಿ ನೋಡಿ.

ಕ್ರೂಗರ್ ಕಡೆ ಮೇಯಿಂದ ಸೆಪ್ಟೆಂಬರ್ ಒಣ ಚಳಿಗಾಲ. ಎಲೆ ಉದುರಿ, ನೀರು ಕಡಿಮೆಯಾಗಿ ಪ್ರಾಣಿಗಳು ಹೊಂಡದ ಹತ್ತಿರ ಸೇರುತ್ತವೆ. ಸೊಳ್ಳೆಯೂ ಕಡಿಮೆ. ಮಡಿಕ್ವೆಗೂ ಇದೇ ಸಮಯ ಚೆನ್ನ. ಭಾವನ ಮನೆಯವರು ಮಕ್ಕಳ ಬೇಸಿಗೆ ರಜೆ ಮುಗಿಯುವ ಮುಂಚೆ, ಮೇ ತಿಂಗಳಿಗೆ ಮೂರು ರಾತ್ರಿ ಬುಕ್ ಮಾಡಿದ್ದಾರೆ. ನೀರಿನ ಹೊಂಡ ಇರುವ ಲಾಡ್ಜ್. ನಿನ್ನೆ ಅಕ್ಕ ಕೇಳಿದಳು, ಆಫ್ರಿಕಾ ಅಂದಮೇಲೆ ಬರೀ ಹತ್ತಿ ಬಟ್ಟೆ ಸಾಕಲ್ವಾ ಅಂತ. ಬೆಳಗಿನ ಜಾವ ತೆರೆದ ಗಾಡಿಯಲ್ಲಿ ಗಾಳಿ ಮುಖಕ್ಕೆ ಹೊಡೆಯುವಾಗ ಲಾಡ್ಜಿನವರು ಕೊಡುವ ಬಿಸಿನೀರಿನ ಚೀಲ, ಕಂಬಳಿ ಎರಡೂ ಸಾಲುವುದಿಲ್ಲ. ಊಟಿಗೆ ಅಂತ ಕೊಂಡಿಟ್ಟ ಸ್ವೆಟರ್ ಮತ್ತು ಮಂಕಿ ಕ್ಯಾಪ್ ಹಾಕು ಅಂದೆ.